ಒಂದು ನಳಿಗೆ, ಆರು ಕೋಣೆ: ಅಗ್ಗದ ರಿವಾಲ್ವರನ್ನು ಪರೀಕ್ಷಿಸುವ ಬಗೆ

ಕಾಸರಗೋಡಿನ ತೋಟದ ಮನೆಗಳಿಗೆ ಕೋವಿ ಹೊಸತಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತರುವುದು, ಮುಗಿದ ಮೇಲೆ ಮತ್ತೆ ಹೋಗಿ ಬಿಡಿಸಿಕೊಳ್ಳುವುದು ಹಲವು ಮನೆಗಳ ವಾಡಿಕೆ. ತೋಟೆ, ಕೇಪು, ಮದ್ದು, ಚರೆ, ಈಡು ಎಂಬ ಮಾತುಗಳನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅಮೆರಿಕದಲ್ಲಿರುವ ಮಗ ಭಾನುವಾರದ ಮೋಜಿಗೆಂದು 200 ಡಾಲರಿನ ಆಸುಪಾಸಿನ ಪಾಯಿಂಟ್ ಟೂ-ಟೂ (0.22 ಇಂಚು ಅಳತೆಯ) ರಿವಾಲ್ವರಿನ ಚಿತ್ರ ಕಳಿಸಿ ‘ಇದು ಹೇಗೆ?’ ಎಂದು ಕೇಳಿದರೆ, ಊರಿನ ಕೋವಿಯ ಅನುಭವ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಒಂಟಿ ನಳಿಗೆ ಕೋವಿಯಲ್ಲಿ ತೋಟೆ ಕೂರುವ ಜಾಗ ಒಂದೇ. ರಿವಾಲ್ವರಿನಲ್ಲಿ ಅದು ಆರು. ಒಂದನ್ನು ಕೊಂಡವನು ನಿಜಕ್ಕೂ ಕೊಳ್ಳುವುದು, ಒಂದೇ ನಳಿಗೆಯನ್ನು ಸರದಿಯಲ್ಲಿ ಹಂಚಿಕೊಳ್ಳುವ ಆರು ಕೋವಿಗಳನ್ನು. ಪರೀಕ್ಷೆಯೂ ಆರಕ್ಕೂ ಬೇರೆ ಬೇರೆ ಆಗಬೇಕು.

ಇದು ಊರಿಗೆ ತರುವ ವಸ್ತುವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ರಿವಾಲ್ವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸು ಬೇಕು. ಖಾಸಗಿಯವರಿಗೆ ಹೊರದೇಶದಿಂದ ತರಿಸುವ ಬಾಗಿಲು ಬಹುತೇಕ ಮುಚ್ಚಿದೆ. ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದದ್ದು 2016ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್‌ಗನ್ ಮಾತ್ರ. ಸಣ್ಣ ನಳಿಗೆಯಿಂದ ಹೊರಟ ಪಾಯಿಂಟ್ ಟೂ-ಟೂ ಗುಂಡಿನಲ್ಲಿ ಸುಮಾರು 100 ಜೂಲ್ ಇರುತ್ತದೆ. ‘ಅದು ಸಣ್ಣದು, ಮಕ್ಕಳ ಆಟಿಕೆಯ ಹಾಗೆ’ ಎನ್ನುವವರಿಗೆ ಈ ಐದು ಪಟ್ಟು ನೆನಪಿರಲಿ.

ಮೊದಲು ತೋಟೆಯನ್ನು ನೋಡೋಣ. ಕೋವಿಯ ಬೆಲೆ ಇಳಿದದ್ದು ಅದರಿಂದಲೇ. ದೊಡ್ಡ ತೋಟೆಯ ತಳದಲ್ಲಿ ನಟ್ಟನಡುವೆ ಒಂದು ಕೇಪು ಬೇರೆಯಾಗಿ ಕೂತಿರುತ್ತದೆ. ಪಾಯಿಂಟ್ ಟೂ-ಟೂವಿನಂಥ ರಿಮ್‌ಫೈರ್, ಅಂದರೆ ಅಂಚಿಗೆ ಬಡಿದರೆ ಹೊತ್ತುವ, ತೋಟೆಯಲ್ಲಿ ಅದಿಲ್ಲ. ತೆಳು ಹಿತ್ತಾಳೆಯ ಕೊಳವೆಯ ತಳವನ್ನು ಹೊರಕ್ಕೆ ಮಡಿಸಿ ಟೊಳ್ಳು ಅಂಚು ಮಾಡುತ್ತಾರೆ. ಒದ್ದೆ ಸ್ಫೋಟಕದ ಹನಿಯನ್ನು ಒಳಗಿಟ್ಟು ಕೊಳವೆಯನ್ನು ಗಿರ್ರನೆ ತಿರುಗಿಸಿದರೆ, ಅದು ಹೊರಕ್ಕೆ ಸರಿದು ಅಂಚಿನೊಳಗೆ ಸುತ್ತಲೂ ತುಂಬಿಕೊಳ್ಳುತ್ತದೆ. ಮೇಲಿಂದ ಮದ್ದು, ಅದರ ಮೇಲೆ 40 ಗ್ರೇನ್, ಅಂದರೆ 2.6 ಗ್ರಾಮಿನ ಸೀಸದ ಗುಂಡು. ಹಿಂದಿನಿಂದ ಬಡಿಯುವ ಕುದುರೆಯ ಮೊಳೆ ಅಂಚನ್ನು ಜಜ್ಜಿದಾಗ ಎರಡು ಹಿತ್ತಾಳೆ ಗೋಡೆಗಳ ನಡುವೆ ಸಿಕ್ಕಿದ ಸ್ಫೋಟಕ ಕಿಡಿ ಹಾರಿಸುತ್ತದೆ. ಭಾಗಗಳು ಕಡಿಮೆ, ಕೆಲಸ ಕಡಿಮೆ, ಬೆಲೆಯೂ ಕಡಿಮೆ. ಆದರೆ ಜಜ್ಜಿಸಿಕೊಳ್ಳಲು ಅಂಚು ತೆಳುವಾಗಿಯೇ ಇರಬೇಕು. ತೆಳು ಹಿತ್ತಾಳೆ ಹೆಚ್ಚು ಒತ್ತಡ ತಾಳದು. ಪಾಯಿಂಟ್ ಟೂ-ಟೂ ಲಾಂಗ್ ರೈಫಲ್ ತೋಟೆಗೆ ಅಮೆರಿಕದ ತಯಾರಕರು ಒಪ್ಪಿಕೊಂಡ ಗರಿಷ್ಠ ಒತ್ತಡ ಚದರ ಇಂಚಿಗೆ 24,000 ಪೌಂಡು. ಕಾರಿನ ಚಕ್ರದ ಗಾಳಿಗಿಂತ ಸುಮಾರು 750 ಪಟ್ಟಾದರೂ ಕೋವಿಗಳ ಲೋಕದಲ್ಲಿ ಇದು ತಗ್ಗಿನ ಅಂಕಿ. ಅಷ್ಟು ತಗ್ಗಿದ್ದರಿಂದಲೇ ರಿವಾಲ್ವರಿನ ಚೌಕಟ್ಟನ್ನು ಉಕ್ಕಿನ ಬದಲು ಸತುವಿನ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ಯಲು ಸಾಧ್ಯವಾಯಿತು.

ಈ ತೋಟೆಯ ಮೂಲರೂಪಕ್ಕೂ ರಿವಾಲ್ವರಿಗೂ ಹುಟ್ಟಿನ ನಂಟು: 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತನ್ನ ಮೊದಲ ರಿವಾಲ್ವರಿಗೆಂದೇ ಅದನ್ನು ಹೊರತಂದಿತು. ಉದ್ದನೆಯ ‘ಲಾಂಗ್ ರೈಫಲ್’ ಬಂದದ್ದು 1887ರಲ್ಲಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರಿನಲ್ಲಿ ಬೆಳ್ಳಿ ಗೆದ್ದದ್ದೂ ಇದೇ ಅಳತೆಯ ತೋಟೆಯಲ್ಲಿ. ಅವರ ಪಿಸ್ತೂಲು ಮಾತ್ರ ಬೇರೆಯೇ ಜಾತಿ.

ಇಂಥ ಅಗ್ಗದ ರಿವಾಲ್ವರುಗಳು ಸಾಮಾನ್ಯವಾಗಿ ಸಿಂಗಲ್ ಆ್ಯಕ್ಷನ್ ಬಗೆಯವು, ಎಂದರೆ ಟ್ರಿಗರಿಗೆ ಒಂದೇ ಕೆಲಸ. ಕುದುರೆಯನ್ನು ಪ್ರತಿ ಸಲವೂ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. (ನಮ್ಮಲ್ಲಿ ಕೆಲವರು ಟ್ರಿಗರನ್ನೇ ಕುದುರೆ ಎನ್ನುತ್ತಾರೆ, ಇಲ್ಲಿ ಹೇಳುತ್ತಿರುವುದು ಹಿಂದಿನಿಂದ ಬಂದು ಬಡಿಯುವ ಭಾಗವನ್ನು.) ಹಾಗೆ ಎಳೆಯುವಾಗ ಒಂದು ಸಣ್ಣ ಕೈ ಮೇಲೆದ್ದು, ತೋಟೆ ಕೂರುವ ಆರು ಕೋಣೆಗಳ ಉರುಳೆಯಾದ ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳಿ ಆರರಲ್ಲೊಂದು ಸುತ್ತು ತಿರುಗಿಸುತ್ತದೆ. ಕೆಳಗಿನಿಂದ ಒಂದು ಅಗುಳಿ ಎದ್ದು ಸಿಲಿಂಡರಿನ ಮೈಮೇಲಿನ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಕುದುರೆ ಬಿಡುಗಡೆಯಾಗುತ್ತದೆ, ಅಷ್ಟೇ. ಎಳೆತ ಹಗುರ, ಚಿಕ್ಕದು, ಕಲಿಯುವವರಿಗೆ ಒಳ್ಳೆಯದು. ತೋಟೆ ತುಂಬುವುದೂ ತೆಗೆಯುವುದೂ ಬಲಬದಿಯ ಪುಟ್ಟ ಬಾಗಿಲಿನಿಂದ ಒಂದೊಂದಾಗಿ. ನಿಧಾನ, ನಿಜ. ಮೋಜಿನ ಗುರಿಯಾಟದಲ್ಲಿ ನಿಧಾನವಾದರೆ ನಷ್ಟವೇನು? ತೋಟೆಯೂ ಉಳಿಯುತ್ತದೆ.

ಅಗ್ಗದವುಗಳ ಪೈಕಿ ಎರಡು ಹೆಸರು ಹೆಚ್ಚು ಕೇಳಿಬರುತ್ತವೆ. ಹೆರಿಟೇಜ್ ರಫ್ ರೈಡರಿನ ಚೌಕಟ್ಟು ಸತುವಿನ ಮಿಶ್ರಲೋಹ. 2019ರಲ್ಲಿ 249 ಡಾಲರಿನ ಪಟ್ಟಿಬೆಲೆಗೆ ಬಂದ ರೂಗರ್ ರ‍್ಯಾಂಗ್ಲರಿನ ಚೌಕಟ್ಟು ಅಲ್ಯೂಮಿನಿಯಂ. ಎರಡರಲ್ಲೂ ಒತ್ತಡ ತಾಳುವ ನಳಿಗೆ ಮತ್ತು ಸಿಲಿಂಡರ್ ಉಕ್ಕಿನವೇ. ಉಳಿತಾಯವೆಲ್ಲ ಚೌಕಟ್ಟಿನಲ್ಲಿ, ಮೇಲ್ಮೈಯ ಹೊಳಪಿನಲ್ಲಿ, ಸರಿಹೊಂದಿಸಲಾಗದ ಗುರಿಕಂಡಿಯಲ್ಲಿ, ಮತ್ತು ಮುಖ್ಯವಾಗಿ, ಒಂದೊಂದನ್ನೂ ಕೂತು ಅರ ಹಾಕಿ ಹೊಂದಿಸುವ ಕೈಕೆಲಸವನ್ನು ಬಿಟ್ಟದ್ದರಲ್ಲಿ. ಹಾಗಾಗಿ ಒಂದೇ ಮಾದರಿಯ ಎರಡು ರಿವಾಲ್ವರ್ ಒಂದೇ ಥರ ಇರಬೇಕೆಂದಿಲ್ಲ. ಮಾದರಿಯ ಕೀರ್ತಿಗಿಂತ ಕೈಗೆ ಬಂದ ಆ ಒಂದನ್ನು ಪರೀಕ್ಷಿಸುವುದು ಮೇಲು.

ಅಂಗಡಿಯಲ್ಲಿ ಮೊದಲು ಬಾಗಿಲು ತೆರೆದು ಆರೂ ಕೋಣೆ ಖಾಲಿಯೆಂದು ಕಣ್ಣಾರೆ ನೋಡಬೇಕು. ಆಮೇಲೆ ಅನುಮತಿ ಕೇಳಿ, ಒಂದು ಬೆರಳನ್ನು ಸಿಲಿಂಡರಿಗೆ ಹಗುರಾಗಿ ತಾಗಿಸಿ ತುಸು ತಡೆ ಕೊಡುತ್ತ ಕುದುರೆಯನ್ನು ಬಹಳ ನಿಧಾನವಾಗಿ ಎಳೆಯಬೇಕು. ಕುದುರೆ ಪೂರ್ತಿ ನಿಲ್ಲುವಷ್ಟರಲ್ಲಿ ಅಗುಳಿ ‘ಟಕ್’ ಎಂದು ಕಚ್ಚಿಗೆ ಬಿದ್ದಿರಬೇಕು. ಕುದುರೆ ನಿಂತರೂ ಸಿಲಿಂಡರ್ ಇನ್ನೂ ಕೂದಲೆಳೆಯಷ್ಟು ತಿರುಗಬೇಕಾಗಿ ಉಳಿದರೆ ಆ ಕೋಣೆ ನಳಿಗೆಗೆ ಪೂರ್ತಿ ಎದುರಾಗಿಲ್ಲ ಎಂದರ್ಥ. ಇದನ್ನು ಆರು ಸಲವೂ ಮಾಡಬೇಕು. ಐದು ಸರಿಯಾಗಿ ಆರನೆಯದು ಸೋಲುವುದು ಇಂಥಲ್ಲೇ. ಖಾಲಿ ಕೋವಿಯಲ್ಲಿ ಕುದುರೆಯನ್ನು ಧಡಾರನೆ ಬಿಡಬಾರದು, ಕೈಪಿಡಿ ಒಪ್ಪಿದ್ದರೆ ಮಾತ್ರ ಸರಿ. ಅಂಚಿಗೆ ಬಡಿಯಬೇಕಾದ ಮೊಳೆ, ತೋಟೆ ಇಲ್ಲದಾಗ ಕೋಣೆಯ ಉಕ್ಕಿನ ಬಾಯಿಗೇ ಬಡಿದು ಅಲ್ಲೊಂದು ಉಬ್ಬು ಎಬ್ಬಿಸಬಹುದು. ಮುಂದೆ ಆ ಕೋಣೆಗೆ ತೋಟೆಯೂ ಸಲೀಸಾಗಿ ಇಳಿಯದು.

ಮುಂದಿನದಕ್ಕೆ ಬೈಕ್ ಮೆಕ್ಯಾನಿಕನು ಟ್ಯಾಪೆಟ್ ನೋಡುವ ಫೀಲರ್ ಗೇಜ್ ಸಾಕು. ಸಿಲಿಂಡರಿನ ಮುಖಕ್ಕೂ ನಳಿಗೆಯ ಬುಡಕ್ಕೂ ನಡುವೆ ಸಂದು ಇದ್ದೇ ಇರುತ್ತದೆ. ಇಲ್ಲದಿದ್ದರೆ ಸಿಲಿಂಡರ್ ತಿರುಗಲಾರದು. 0.1ರಿಂದ 0.2 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದಕ್ಕಿಂತ ತೀರ ಕಡಿಮೆಯಾದರೆ ನೂರು ಈಡಿನೊಳಗೆ ಮಸಿ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ. 0.25 ದಾಟಿದರೆ ವೇಗ ಸೋರುತ್ತದೆ, ಸೀಸದ ಚೂರು ಬದಿಗೆ ಸಿಡಿಯುತ್ತದೆ. ಸಂದು ಎಷ್ಟೇ ಚೆನ್ನಾಗಿರಲಿ, ಅದರಿಂದ ಬಿಸಿ ಅನಿಲ ಹೊರಗೆ ಹಾಯುವುದಂತೂ ಖಂಡಿತ. ರೈಫಲ್ ಹಿಡಿದು ರೂಢಿಯಿದ್ದವರು ಎಡಗೈಯನ್ನು ನಳಿಗೆಯಡಿಗೆ ಕೊಡುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು.

ಹೆಚ್ಚು ಕಲಿಸುವುದು ಗುರಿಹಲಗೆ, ಮತ್ತು ಜನ ತಮ್ಮನ್ನೇ ತಾವು ಮೋಸಗೊಳಿಸಿಕೊಳ್ಳುವುದೂ ಅಲ್ಲೇ. ದೂರ 15 ಮೀಟರ್ ಸಾಕು. ಮರಳುಚೀಲದ ಮೇಲೆ ಮಣಿಕಟ್ಟು ಊರಿ ಹೊಡೆಯಬೇಕು. ನಳಿಗೆಯನ್ನು ಚೀಲಕ್ಕೆ ತಾಗಿಸಬಾರದು, ಸಂದಿನ ಎದುರಿಗೂ ಚೀಲ ಬರಬಾರದು. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮುಂದಿನ ಮೊಳೆಗೂ ಹಿಂದಿನ ಗುರಿಕಂಡಿಗೂ 15 ಸೆಂಟಿಮೀಟರ್ ಅಂತರವಿದ್ದರೆ, ಮುಂದಿನ ಮೊಳೆ ಕಂಡಿಯಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾದರೂ 15 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ದೂರ ಬೀಳುತ್ತದೆ. ಕೋವಿಯನ್ನು ಬೈಯುವ ಮುಂಚೆ ಈ ಲೆಕ್ಕವೊಂದು ತಲೆಯಲ್ಲಿರಬೇಕು.

ಸಿಲಿಂಡರಿನ ಕೋಣೆಗಳಿಗೆ ಮಾರ್ಕರಿನಿಂದ 1ರಿಂದ 6ರವರೆಗೆ ಅಂಕಿ ಹಾಕಿ, ಒಂದೊಂದಕ್ಕೂ ಬೇರೆ ಕಾಗದ ಅಂಟಿಸಿ, ಕೋಣೆಗೆ ಐದರಂತೆ ಒಟ್ಟು 30 ಈಡು. ಎಲ್ಲವೂ ಒಂದೇ ಪೆಟ್ಟಿಗೆಯ ತೋಟೆಯಾಗಿರಬೇಕು. ಪ್ರತಿ ಕಾಗದದಲ್ಲಿ ಎರಡು ಅಳತೆ: ತೀರಾ ದೂರದ ಎರಡು ತೂತುಗಳ ನಡುವಿನ ಅಂತರ, ಮತ್ತು ಐದರ ನಡುಬಿಂದು ಎಲ್ಲಿದೆ ಎಂಬುದು. ಐದರ ಗುಂಪು 5ರಿಂದ 7 ಸೆಂಟಿಮೀಟರಿನೊಳಗೆ ಬಂದರೆ ಈ ಬೆಲೆಗೆ ದೂರುವಂತಿಲ್ಲ. ಮೂರೇ ಈಡು ಹೊಡೆದು ತೋರಿಸುವ ಗುಂಪನ್ನು ನಂಬಬಾರದು. ಚೆದುರುವಿಕೆ ಕೇವಲ ಆಕಸ್ಮಿಕವಾದರೆ, ಐದಕ್ಕೆ 6 ಸೆಂಟಿಮೀಟರ್ ಕೊಡುವ ಕೋವಿಯೇ ಮೂರಕ್ಕೆ ಸರಾಸರಿ 4.7, ಹತ್ತಕ್ಕೆ 7.5 ಕೊಡುತ್ತದೆ. ಕೋವಿ ಬದಲಾಗಿಲ್ಲ, ಎಣಿಕೆ ಬದಲಾಯಿತು.

ನಡುಬಿಂದುಗಳ ವಿಷಯದಲ್ಲೂ ಇದೇ ಎಚ್ಚರ. 1ನೇ ಕೋಣೆಯ ನಡುಬಿಂದುವಿಗಿಂತ 4ನೆಯದ್ದು ಒಂದು ಸೆಂಟಿಮೀಟರ್ ಬಲಕ್ಕಿದ್ದರೆ ಅದಕ್ಕೆ ಅರ್ಥವಿಲ್ಲ. ಐದು ಈಡಿನ ಸರಾಸರಿ ಅಷ್ಟು ಅಲುಗುವುದು ಸಹಜ. ಮೂರು ಸೆಂಟಿಮೀಟರ್ ಸರಿದು, ಮರುದಿನ ಮತ್ತೆ ಹೊಡೆದಾಗಲೂ ಅದೇ ಕಡೆಗೇ ಸರಿದರೆ ಆ ಕೋಣೆ ಓರೆಯಾಗಿದೆ ಎನ್ನಬಹುದು. ಹಾಗೆ ಓರೆಯಾದಾಗ ಗುಂಡಿನ ಒಂದು ಬದಿ ನಳಿಗೆಯ ಬುಡಕ್ಕೆ ಉಜ್ಜಿ ಕೆತ್ತಿಹೋಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಸೀಸದ ಕಣ ತಾಗಿದರೆ ಅದೇ ಸಾಕ್ಷಿ. ಇಂಥದನ್ನು ಮನೆಯಲ್ಲಿ ರಿಪೇರಿ ಮಾಡಹೊರಡದೆ ತಯಾರಕರಿಗೆ ಕಳಿಸುವುದೇ ಸರಿ.

ಆರೂ ಗುಂಪು ಒಟ್ಟಿಗೇ ಕೆಳಕ್ಕೆ ಬಿದ್ದರೆ ಸಂತೋಷಪಡಬೇಕು, ಇದಕ್ಕೆ ಮದ್ದಿದೆ. ಮುಂದಿನ ಮೊಳೆಯನ್ನು ಅರದಿಂದ ಉಜ್ಜಿ ತಗ್ಗಿಸಿದರೆ ಗುಂಡು ಮೇಲೆ ಬೀಳುತ್ತದೆ. ಎಷ್ಟು ಉಜ್ಜಬೇಕು? ತಪ್ಪಿದ ಅಂತರವನ್ನು ಗುರಿಕಂಡಿ-ಮೊಳೆಗಳ ನಡುವಿನ ಉದ್ದದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. 50 ಮಿಲಿಮೀಟರ್ ಕೆಳಗೆ ಬಿದ್ದರೆ 50ನ್ನು 150ರಿಂದ ಗುಣಿಸಿ 15,000ದಿಂದ ಭಾಗಿಸಿದಾಗ ಸಿಗುವುದು 0.5 ಮಿಲಿಮೀಟರ್. ಅದರಲ್ಲಿ ಅರ್ಧ ಮಾತ್ರ ಉಜ್ಜಿ, ಹೊಡೆದು ನೋಡಿ, ಉಳಿದದ್ದನ್ನು ಆಮೇಲೆ. ಉಜ್ಜಿಹೋದ ಲೋಹ ಮರಳಿ ಬಾರದು. ಮೇಲಕ್ಕೆ ಬೀಳುವ ಕೋವಿಗೆ ಈ ಉಪಾಯ ನಡೆಯದು. ತೋಟೆ ಬದಲಿಸಿ ನೋಡಬೇಕು.

ಹೊಡೆಯದ ತೋಟೆ ರಿಮ್‌ಫೈರಿನ ಹುಟ್ಟುಗುಣ. ‘ಟಕ್’ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಬೇಕು. ಒಳಗೆ ಕಿಡಿ ಹೊಗೆಯಾಡುತ್ತಿದ್ದು ತಡವಾಗಿ ಹೊತ್ತುವುದುಂಟು. ಆಮೇಲೆ ತೆಗೆದು ಅಂಚಿನ ಗಾಯ ನೋಡಬೇಕು. ಗಾಯ ಆಳವಾಗಿದ್ದೂ ಹೊಡೆಯದಿದ್ದರೆ ಆ ಜಾಗಕ್ಕೆ ಸ್ಫೋಟಕ ಹರಡಿರಲಿಲ್ಲ. ತುಸು ತಿರುಗಿಸಿ ಮತ್ತೆ ಹಾಕಿದರೆ ಹೊಡೆಯಬಹುದು. ಗಾಯ ತೆಳುವಾಗಿದ್ದು ಒಂದೇ ಅಂಕಿಯ ಕೋಣೆಯಲ್ಲಿ ಮರುಕಳಿಸಿದರೆ ಆ ಕೋಣೆಯಲ್ಲಿ ಕೊಳೆ ಕಟ್ಟಿ ತೋಟೆ ಪೂರ್ತಿ ಇಳಿದಿಲ್ಲ. ಕುದುರೆಯ ಪೆಟ್ಟು ತೋಟೆಯನ್ನು ಒಳಗೆ ತಳ್ಳುವುದರಲ್ಲೇ ಮುಗಿದಿರುತ್ತದೆ. ಎಲ್ಲ ಕೋಣೆಗಳಲ್ಲೂ ತೆಳುಗಾಯವಾದರೆ ಸ್ಪ್ರಿಂಗನ್ನೋ ಮೊಳೆಯನ್ನೋ ಅನುಮಾನಿಸಬೇಕು. ‘ಪಟ್’ ಎಂಬ ಕುಗ್ಗಿದ ಸದ್ದು ಬಂದರೆ ಮಾತ್ರ ಇನ್ನೊಂದು ಈಡು ಕೂಡದು. ಗುಂಡು ನಳಿಗೆಯೊಳಗೇ ಕೂತಿರಬಹುದು. ತೋಟೆಯೆಲ್ಲ ತೆಗೆದು ನಳಿಗೆಗೆ ಕಡ್ಡಿ ಹಾಯಿಸಿ ನೋಡಬೇಕು.

ಕೆಲವದಕ್ಕೆ ಎರಡು ಸಿಲಿಂಡರ್ ಬರುತ್ತವೆ, ಎರಡನೆಯದು ಮ್ಯಾಗ್ನಮ್ ಎಂಬ ಹೆಚ್ಚು ಬಲದ ತೋಟೆಗೆ. ಮ್ಯಾಗ್ನಮ್ ತೋಟೆಯ ಮೈ ದಪ್ಪ. ಲಾಂಗ್ ರೈಫಲ್ ಅದರ ಕೋಣೆಯಲ್ಲಿ ಸಡಿಲವಾಗಿ ಕೂತುಬಿಡುತ್ತದೆ, ಹೊಡೆದರೆ ಹಿತ್ತಾಳೆ ಉಬ್ಬಿ ಸೀಳಿ ಅನಿಲ ಹಿಂದಕ್ಕೆ ಬರುತ್ತದೆ. ‘ಹಿಡಿಸಿತಲ್ಲ’ ಎಂಬುದು ಇಲ್ಲಿ ಪ್ರಮಾಣವಾಗದು.

ಸುರಕ್ಷತೆಯಲ್ಲಿ ಎರಡೂ ಮಾದರಿ ಬೇರೆ ದಾರಿ ಹಿಡಿದಿವೆ. ಹಳೆಯ ವಿನ್ಯಾಸದಲ್ಲಿ ಇಳಿದ ಕುದುರೆಯ ಮೂತಿ ತೋಟೆಯ ಮೇಲೇ ಒರಗಿರುತ್ತಿತ್ತು. ಕೆಳಗೆ ಬಿದ್ದರೆ ಈಡಾಗುತ್ತಿತ್ತು. ರೂಗರ್ 1973ರಿಂದ ಕುದುರೆಗೂ ಮೊಳೆಗೂ ನಡುವೆ ಒಂದು ಪಟ್ಟಿ ಇಟ್ಟಿತು: ಟ್ರಿಗರ್ ಎಳೆದಾಗ ಮಾತ್ರ ಅದು ಮೇಲೆ ಬಂದು ಪೆಟ್ಟನ್ನು ದಾಟಿಸುತ್ತದೆ. ರ‍್ಯಾಂಗ್ಲರಿನಲ್ಲೂ ಅದೇ ಇದೆ. ರಫ್ ರೈಡರಿನಲ್ಲಿ ಎಡಬದಿಗೆ ಹೆಬ್ಬೆರಳಿನಿಂದ ಸರಿಸುವ ಸುರಕ್ಷತೆಯ ಸನ್ನೆಕೋಲು ಇದೆ, ಕೆಂಪು ಚುಕ್ಕೆ ಕಂಡರೆ ಕೋವಿ ಸಿದ್ಧ. ಅದನ್ನು ಸರಿಸಲು ಮರೆಯುವುದು ಮನುಷ್ಯಸ್ವಭಾವ. ಆದ್ದರಿಂದ ರಫ್ ರೈಡರಿನಲ್ಲಿ ಐದೇ ತೋಟೆ ಹಾಕಿ ಕುದುರೆಯನ್ನು ಖಾಲಿ ಕೋಣೆಯ ಮೇಲೆ ಇಳಿಸುವ ಹಳೆಯ ಪದ್ಧತಿಯೇ ಮೇಲು. ಗುಂಡು ಒಂದೂವರೆ ಮೈಲಿಯವರೆಗೂ ಅಪಾಯಕಾರಿ ಎಂದು ತೋಟೆಯ ಪೆಟ್ಟಿಗೆಯ ಮೇಲೆ ಬರೆದಿರುವುದುಂಟು, ಆ ಎಚ್ಚರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ಗುಂಡನ್ನು ನುಂಗುವುದು ಮಣ್ಣಿನ ದಿಣ್ಣೆ. ನಮ್ಮ ಮುರಕಲ್ಲಿನ ಪಾರೆಯಂಥ ಗಟ್ಟಿ ನೆಲವಾಗಲಿ ನೀರಾಗಲಿ ಅದನ್ನು ಎಲ್ಲಿಗೋ ಚಿಮ್ಮಿಸುತ್ತದೆ.

ಕಡೆಗೆ ತೇವದ ಮಾತು. ಸಮುದ್ರದಂಚಿನ ಊರುಗಳಲ್ಲಿ ಸತುವಿಗೆ ಬಿಳಿ ಪುಡಿ, ಉಕ್ಕಿಗೆ ಕೆಂಪು ತುಕ್ಕು ಹತ್ತಲು ಒಂದು ಮಳೆಗಾಲ ಬೇಕಿಲ್ಲ. ಅಮೆರಿಕದ ಹೂಸ್ಟನ್ ಆಗಲಿ ಕಾಸರಗೋಡಿನ ಹೊಸದುರ್ಗವಾಗಲಿ ಗಾಳಿಗೆ ವ್ಯತ್ಯಾಸವಿಲ್ಲ. ಹೊಡೆದ ದಿನವೇ ಸಿಲಿಂಡರ್ ಬಿಚ್ಚಿ, ಕೋಣೆಗಳಿಗೆ ಹಿತ್ತಾಳೆ ಬ್ರಶ್ ಹಾಕಿ, ತೆಳುವಾಗಿ ಎಣ್ಣೆ ಒರೆಸಬೇಕು. ಎಣ್ಣೆ ಸುರಿದರೆ ಮಸಿಯೊಡನೆ ಸೇರಿ ಅರೆಯುವ ಲೇಪವಾಗುತ್ತದೆ. ಚರ್ಮದ ಚೀಲದೊಳಗೆ ಇಟ್ಟು ಮರೆಯಬಾರದು. ಚರ್ಮ ತೇವ ಹೀರುತ್ತದೆ, ಹದಮಾಡಿದ ರಾಸಾಯನಿಕವೂ ಲೋಹಕ್ಕೆ ಹತ್ತುತ್ತದೆ. ಕೈಗೆ ಅಂಟಿದ ಸೀಸವನ್ನು ಸಾಬೂನು ಹಾಕಿ ತೊಳೆದ ಮೇಲೆಯೇ ಊಟಕ್ಕೆ ಕೂರುವುದು.