ಒಬ್ಬ ಬೇಡ ಅಂದರೆ ಸಾಕು: ಅಮೆರಿಕದ ಮೊದಲ ಸರ್ಕಾರ ಯಾಕೆ ನಿಲ್ಲಲಿಲ್ಲ

ಪಾರ್ಟ್‌ನರ್‌ಶಿಪ್ ಕರಾರು ಬರೆಸಲು ಬರುವವರು, ಅದರಲ್ಲೂ ಅಣ್ಣತಮ್ಮಂದಿರು, ತಪ್ಪದೇ ಒಂದು ಮಾತು ಹೇಳುತ್ತಾರೆ. "ಸಾರ್, ಎಲ್ಲರೂ ಒಪ್ಪಿದರೆ ಮಾತ್ರ ಕರಾರು ತಿದ್ದಬೇಕು ಅಂತ ಹಾಕಿಬಿಡಿ." ಕೇಳೋಕೆ ನ್ಯಾಯವಾಗಿಯೇ ಇದೆ. ಆದರೂ ನಾನು ಸುಲಭಕ್ಕೆ ಹಾಕಿಕೊಡುವುದಿಲ್ಲ. ಯಾಕೆ ಅಂತ ಕೇಳಿದರೆ ಅಮೆರಿಕದ ಕಥೆ ಹೇಳುತ್ತೇನೆ. ಈಗಿನ ಸರ್ಕಾರದ್ದಲ್ಲ, ಅದಕ್ಕೂ ಮುಂಚೆ ಇದ್ದದ್ದರ ಕಥೆ.

ಬ್ರಿಟಿಷರ ವಿರುದ್ಧ ಎದ್ದ 13 ರಾಜ್ಯಗಳ ಕಾಂಗ್ರೆಸ್, ಅಂದರೆ ಅವುಗಳ ಪ್ರತಿನಿಧಿಗಳ ಸಭೆ, 1777ರ ನವೆಂಬರ್‌ನಲ್ಲಿ ಒಂದು ಒಪ್ಪಂದ ತಯಾರು ಮಾಡಿತು. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅಂತ ಅದರ ಹೆಸರು. ಜಾರಿಗೆ ಬಂದದ್ದು ಮಾತ್ರ 1781ರ ಮಾರ್ಚ್ 1ಕ್ಕೆ. 13ಕ್ಕೆ 13 ರಾಜ್ಯವೂ ಸಹಿ ಹಾಕಬೇಕಿತ್ತು, ಪಶ್ಚಿಮದ ಜಮೀನಿನ ಮೇಲೆ ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಹಕ್ಕು ಬಿಡುವ ಸೂಚನೆ ಕೊಡುವವರೆಗೂ ಮೇರಿಲ್ಯಾಂಡ್ ಪೆನ್ನು ಮುಟ್ಟಲಿಲ್ಲ. ಅಲ್ಲೇ ಗೊತ್ತಾಗಬೇಕಿತ್ತು.

ರಾಜನ ಕಾಟ ಸಾಕಾಗಿದ್ದವರಿಗೆ ಇನ್ನೊಬ್ಬ ಯಜಮಾನ ಬೇಡವಾಗಿತ್ತು. ಹಾಗಾಗಿ ಆಡಳಿತ ನಡೆಸೋಕೆ ಈಗಿನಂಥ ಅಧ್ಯಕ್ಷನಿಲ್ಲ, ಸುಪ್ರೀಂ ಕೋರ್ಟ್ ಇಲ್ಲ. ಇದ್ದದ್ದು ಕಾಂಗ್ರೆಸ್ ಒಂದೇ. ವರ್ಜೀನಿಯಾಕ್ಕೂ ಒಂದೇ ಓಟು, ಪುಟ್ಟ ಡೆಲವೇರ್‌ಗೂ ಒಂದೇ ಓಟು. ಯುದ್ಧ, ಸಾಲ, ವಿದೇಶಿ ಒಪ್ಪಂದಕ್ಕೆ 9 ರಾಜ್ಯ ಒಪ್ಪಬೇಕು. ತೆರಿಗೆ ಹಾಕುವ ಅಧಿಕಾರವಂತೂ ಇಲ್ಲವೇ ಇಲ್ಲ. ರಾಜ್ಯಗಳಿಗೆ "ಇಷ್ಟು ಕೊಡಿ" ಅಂತ ಕಾಗದ ಬರೆಯಬಹುದು, ಕೊಡದಿದ್ದರೆ ಇನ್ನೊಂದು ಕಾಗದ ಬರೆಯಬಹುದು, ಅಷ್ಟೇ. 1781ರಲ್ಲಿ 80 ಲಕ್ಷ ಡಾಲರ್ ಕೇಳಿದರು. 1783ರ ಶುರುವಿಗೆ ಅದರ ಹತ್ತನೇ ಒಂದು ಪಾಲೂ ಬಂದಿರಲಿಲ್ಲ.

ಇದರ ಫಲ ಹೇಗಿತ್ತು ಗೊತ್ತಾ? 1783ರ ಜೂನ್ 21ರಂದು ಸಂಬಳ ಸಿಗದ ಸೈನಿಕರು, ಸುಮಾರು 400 ಜನ, ಬಂದೂಕು ಹಿಡಿದು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತುವರಿದರು. ಒಳಗೆ ಕಾಂಗ್ರೆಸ್ ಕೂತಿತ್ತು. ರಕ್ಷಣೆಗೆ ಅದರ ಕೈಯಲ್ಲಿ ಒಬ್ಬ ಪೇದೆಯೂ ಇಲ್ಲ. ನಾಗರಿಕರ ಪಡೆ (ಮಿಲಿಷಿಯಾ) ಕರೆಸಿ ಅಂತ ಪೆನ್ಸಿಲ್ವೇನಿಯಾ ರಾಜ್ಯದ ಆಡಳಿತ ಕೌನ್ಸಿಲ್ಲನ್ನು ಕೇಳಿಕೊಂಡರು. ಕೌನ್ಸಿಲ್ ಕರೆಸಲಿಲ್ಲ. ಅದರ ಮುಖ್ಯಸ್ಥ ಜಾನ್ ಡಿಕಿನ್ಸನ್. 1776ರಲ್ಲಿ ಈ ಆರ್ಟಿಕಲ್ಸ್‌ನ ಮೊದಲ ಕರಡು ಬರೆದವರೇ ಅವರು! ಕಾಂಗ್ರೆಸ್ ಗಂಟುಮೂಟೆ ಕಟ್ಟಿ ಪ್ರಿನ್ಸ್‌ಟನ್‌ಗೆ ಹೋಯಿತು, ಅಲ್ಲಿಂದ ಅನಾಪೊಲಿಸ್, ಆಮೇಲೆ ಟ್ರೆಂಟನ್, ಕೊನೆಗೆ ನ್ಯೂಯಾರ್ಕ್.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಬ್ರಿಟಿಷರ ಜೊತೆಗಿನ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. (ಇಂಗ್ಲೆಂಡ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ತಲುಪಿದಾಗಲೇ ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪು ಜೊತೆಗಿದ್ದ ಫ್ರೆಂಚರು ಕೈಬಿಟ್ಟದ್ದು.) ಗೆದ್ದ ಒಪ್ಪಂದ, ಸುಮ್ನೆ ಮುದ್ರೆ ಒತ್ತಿದರಾಯ್ತು, ಅಲ್ವಾ? ಅದಕ್ಕೂ 9 ರಾಜ್ಯದ ಪ್ರತಿನಿಧಿಗಳು ಬೇಕು. ಬಂದೇ ಇಲ್ಲ! ಕಾದು ಕಾದು, 1784ರ ಜನವರಿ 14ಕ್ಕೆ ಹೇಗೋ ಸಂಖ್ಯೆ ಕೂಡಿಸಿ ಅನುಮೋದನೆ ಮಾಡಿದರು.

ಪಠ್ಯಪುಸ್ತಕಗಳು ಇವನ್ನೆಲ್ಲ ಒಂದೊಂದು ಪ್ರತ್ಯೇಕ ದೋಷ ಅಂತ ಪಟ್ಟಿ ಮಾಡುತ್ತವೆ. ನನ್ನ ಪ್ರಕಾರ ಇವೆಲ್ಲ ವಾಸಿಯಾಗುವ ಕಾಯಿಲೆಗಳು. ವಾಸಿಯಾಗದಂತೆ ತಡೆದದ್ದು 13ನೇ ಕಲಮು: ಎಲ್ಲಾ ರಾಜ್ಯಗಳೂ ಒಪ್ಪದೆ ಒಂದಕ್ಷರವನ್ನೂ ತಿದ್ದುವಂತಿಲ್ಲ.

ತಿದ್ದೋಕೆ ನೋಡಿದರು ಕೂಡ. ಆಮದು ಸರಕಿನ ಮೇಲೆ 5% ಸುಂಕ ಹಾಕುವ ಅಧಿಕಾರ ಕೊಡಿ ಅಂತ 1781ರಲ್ಲೇ ಕಾಂಗ್ರೆಸ್ ಕೇಳಿತು. ಒಂದೊಂದೇ ರಾಜ್ಯ ಒಪ್ಪುತ್ತಾ ಬಂತು. 1782ರ ನವೆಂಬರ್‌ನಲ್ಲಿ ರೋಡ್ ಐಲ್ಯಾಂಡ್ ಆಗಲ್ಲ ಅಂದಿತು. ಎಲ್ಲಕ್ಕಿಂತ ಚಿಕ್ಕ ರಾಜ್ಯ, ಬದುಕೆಲ್ಲ ಬಂದರಿನ ವ್ಯಾಪಾರದ ಮೇಲೆ. ಸರಿ, ಸಮಾಧಾನ ಮಾಡೋಣ ಅಂತ ನಿಯೋಗ ಹೊರಟರೆ, ದಾರಿಯಲ್ಲೇ ಸುದ್ದಿ: ವರ್ಜೀನಿಯಾ ತಾನು ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಂಡಿದೆ! ನಿಯೋಗ ಹಾಗೇ ತಿರುಗಿ ಬಂತು. 1783ರಲ್ಲಿ ಮತ್ತೆ ಕೇಳಿದರು, ಈ ಸಲ 25 ವರ್ಷಕ್ಕೆ ಮಾತ್ರ ಅಂತ ಇಳಿಸಿಕೊಂಡು. 1786ರಲ್ಲಿ ಅದು ನ್ಯೂಯಾರ್ಕ್ ಹಾಕಿದ ಷರತ್ತುಗಳಿಗೆ ಸಿಕ್ಕಿ ಸತ್ತಿತು. ಆ ಬಂದರಿನ ಸುಂಕದಲ್ಲೇ ನ್ಯೂಯಾರ್ಕ್ ತನ್ನ ಖರ್ಚು ತೂಗಿಸುತ್ತಿತ್ತು, ಅದನ್ನು ಯಾರು ಬಿಟ್ಟುಕೊಡ್ತಾರೆ ಹೇಳಿ? ಎಲ್ಲರ ಒಪ್ಪಿಗೆ ಬೇಕು ಅಂದಾಗ ಬೆಲೆ ಜಾಸ್ತಿಯಾಗುವುದು ಕೊನೆಯ ಸಹಿಗೆ.

ಹೊಸ ಪ್ರದೇಶಗಳನ್ನು ರಾಜ್ಯ ಮಾಡುವ 1787ರ ನಾರ್ತ್‌ವೆಸ್ಟ್ ಕಾನೂನು ಇದೇ ಕಾಂಗ್ರೆಸ್‌ನ ಕೆಲಸ, ಅದೊಂದು ಒಳ್ಳೆಯ ಕಾನೂನು. ಆದರೆ ಆ ಹೊತ್ತಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ, ತೆರಿಗೆಗಳಿಂದ ನಲುಗಿದ ರೈತರು ಡೇನಿಯಲ್ ಶೇಸ್ ಜೊತೆ ದಂಗೆ ಎದ್ದಾಗಿತ್ತು. ಅದನ್ನು ಅಡಗಿಸಿದ ಪಡೆಗೆ ದುಡ್ಡು ಕೊಟ್ಟದ್ದು ಬಹುಪಾಲು ಬಾಸ್ಟನ್ನಿನ ವ್ಯಾಪಾರಿಗಳು.

1787ರ ಮೇನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರಿಗೆ ಕೊಟ್ಟ ಕೆಲಸ ಹಳೆಯ ಒಪ್ಪಂದವನ್ನು ತಿದ್ದುವುದು. ಅವರು ಹೊಸದನ್ನೇ, ಅಂದರೆ ಅಮೆರಿಕದ ಈಗಿನ ಸಂವಿಧಾನವನ್ನೇ ಬರೆದರು, 9 ರಾಜ್ಯ ಒಪ್ಪಿದರೆ ಸಾಕು ಅಂತಲೂ ಬರೆದುಕೊಂಡರು. ವಕೀಲನಾಗಿ ನೋಡಿದರೆ ಇದು ಇದ್ದ ಕರಾರಿನ ನೇರ ಉಲ್ಲಂಘನೆ. ಬೇರೆ ದಾರಿಯನ್ನು ಆ ಕರಾರೇ ಮುಚ್ಚಿತ್ತು. ನಮ್ಮ ಸಂವಿಧಾನದ 368ನೇ ವಿಧಿ ನೋಡಿ, ರಾಜ್ಯಗಳ ಅಧಿಕಾರಕ್ಕೆ ಕೈಹಾಕುವ ತಿದ್ದುಪಡಿಗೂ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಅರ್ಧದಷ್ಟು ರಾಜ್ಯಗಳ ಶಾಸಕಾಂಗ ಒಪ್ಪಿದರೆ ಸಾಕು.

ರೋಡ್ ಐಲ್ಯಾಂಡ್ ಫಿಲಡೆಲ್ಫಿಯಾಕ್ಕೆ ಯಾರನ್ನೂ ಕಳಿಸಿರಲಿಲ್ಲ. ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದರೂ ಹೊರಗೇ ಇತ್ತು. 1790ರ ಮೇನಲ್ಲಿ ಆ ರಾಜ್ಯದ ಜೊತೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆ ಸೆನೆಟ್‌ನಲ್ಲಿ ಪಾಸಾಯಿತು. ಅದೇ ತಿಂಗಳ 29ಕ್ಕೆ ರೋಡ್ ಐಲ್ಯಾಂಡ್ ಒಳಗೆ ಬಂತು, ಪರ 34 ಓಟು, ವಿರೋಧ 32.