ಸೆಲ್ಫ್ ಬದಲಿಸುವ ಮೊದಲು: 1969ರ ಡಾಜ್ ಚಾರ್ಜರ್ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು

ನಾನು ಮೆಕ್ಯಾನಿಕ್ ಅಲ್ಲ, ನಿಮ್ಮ ಹಾಗೆ ಕಲಿಯುತ್ತಿರುವವನು. ಅಮೆರಿಕದಲ್ಲಿರುವ ಗೆಳೆಯನ ಹತ್ತಿರ 1969ರ ಡಾಜ್ ಚಾರ್ಜರ್ ಇದೆ. 383 ಕ್ಯೂಬಿಕ್ ಇಂಚಿನ ವಿ8, ಅಂದರೆ ಸುಮಾರು 6.3 ಲೀಟರ್, ಆಟೋಮ್ಯಾಟಿಕ್ ಗೇರ್. ಒಂದು ಶನಿವಾರ ಕೀ ತಿರುಗಿಸಿದರೆ ಬರೀ 'ಟಕ್' ಅಂದಿತು. ನಾವು ಏನೂ ಅಳೆಯದೆ ಸುಮ್ನೆ ಹೊಸ ಸೆಲ್ಫ್ ಮೋಟಾರು ತರಿಸಿ, ಎಕ್ಸಾಸ್ಟ್ ಪೈಪ್ ಪಕ್ಕದ ಇಕ್ಕಟ್ಟಿನಲ್ಲಿ ಕೈ ತರಚಿಕೊಂಡು ಅರ್ಧ ದಿನ ಕೂತು ಜೋಡಿಸಿದೆವು. ಕೀ ತಿರುಗಿಸಿದೆವು. ಮತ್ತೆ 'ಟಕ್'.

ಆಮೇಲೆ ಕಲಿತದ್ದು ಈ ಟಿಪ್ಪಣಿ.

ಮೊದಲು ಕಿವಿ ಕೊಡಿ. 'ಸ್ಟಾರ್ಟ್ ಆಗಲ್ಲ' ಅನ್ನುವುದು ಒಂದೇ ಕಾಯಿಲೆ ಅಲ್ಲ. ಟಕಟಕಟಕ ಅಂತ ಬೇಗ ಬೇಗ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ: ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟು ಜೋಡಿಸುವ ವಿದ್ಯುತ್ ಅಯಸ್ಕಾಂತ) ಎಳೆಯುತ್ತದೆ, ಅಷ್ಟರಲ್ಲಿ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿ ಸದ್ದು ಬಂದರೆ ಸೊಲೆನಾಯ್ಡ್ ಕೆಲಸ ಮಾಡಿದೆ, ಆದರೆ ಮೋಟಾರಿಗೆ ಸಾಕಷ್ಟು ಕರೆಂಟು ಸಿಗುತ್ತಿಲ್ಲ, ಇಲ್ಲವೇ ಮೋಟಾರೇ ಹಿಡಿದುಕೊಂಡಿದೆ. ಬಾನೆಟ್ ಒಳಗೆ ಸಣ್ಣ 'ಟಿಕ್' ಮಾತ್ರ ಬಂದರೆ ಅದು ರಿಲೇ, ಅಂದರೆ ಕೀ ತಿರುಗಿಸಿದಾಗ ಸೊಲೆನಾಯ್ಡಿಗೆ ಕರೆಂಟು ಬಿಡುವ ಸ್ವಿಚ್. ಏನೂ ಸದ್ದಿಲ್ಲದಿದ್ದರೆ ರಿಲೇಗೇ ಸುದ್ದಿ ಮುಟ್ಟಿಲ್ಲ.

ಜೊತೆಗೆ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿ. ದೀಪ ಸತ್ತೇ ಹೋಯಿತೆಂದರೆ ಬ್ಯಾಟರಿ ಅಥವಾ ದಪ್ಪ ಕೇಬಲ್ ಕಡೆ ಹುಡುಕಿ. ದೀಪ ಒಂಚೂರೂ ಮಂಕಾಗಲಿಲ್ಲ ಅಂದರೆ ಸೆಲ್ಫ್ ಕರೆಂಟು ಎಳೆಯಲೇ ಇಲ್ಲ.

ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಖಾಲಿ ಅಂತಲೇ ತಿಳಿಯಿರಿ. ಆದರೆ ಸುಮ್ಮನೆ ಕೂತಾಗ ಎಷ್ಟಿದೆ ಅನ್ನುವುದಕ್ಕಿಂತ ಕ್ರ್ಯಾಂಕ್ ಮಾಡುವಾಗ, ಅಂದರೆ ಸೆಲ್ಫ್ ಇಂಜಿನ್ನನ್ನು ತಿರುಗಿಸುವಾಗ, ಎಷ್ಟಿದೆ ಅನ್ನುವುದೇ ಮುಖ್ಯ. ಆಗ 9.6ಕ್ಕಿಂತ ಕೆಳಗೆ ಹೋಗಬಾರದು.

ಈಗ ನಾವು ಎಡವಿದ ಜಾಗ. ಕೇಬಲ್ ಚೆನ್ನಾಗಿದೆಯಾ ಅಂತ ನೋಡಲು ನಾನು ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ತುದಿಗೆ ಇಟ್ಟೆ, ಸೊನ್ನೆ ತೋರಿಸಿತು, ಕೇಬಲ್ ಸರಿ ಇದೆ ಅಂದುಕೊಂಡೆ. ಇದು ತಪ್ಪು. ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಒಂದು ಓಮಿನ ನೂರನೇ ಒಂದು ಪಾಲು ಅಡ್ಡಿ ಇದ್ದರೂ 200 ಗುಣಿಸು 0.01, ಅಂದರೆ 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಯಿತು. ಅಷ್ಟು ಸಣ್ಣ ಅಡ್ಡಿ ಸಾಮಾನ್ಯ ಮೀಟರಿಗೆ ಕಾಣುವುದೇ ಇಲ್ಲ, ಅದರ ವೈರುಗಳದ್ದೇ ಅಡ್ಡಿ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಕರೆಂಟು ಹರಿಯುವಾಗಲೇ ವೋಲ್ಟೇಜ್ ಎಲ್ಲಿ ಸೋರುತ್ತದೆ ಅಂತ ನೋಡಬೇಕು.

ಡಿಸ್ಟ್ರಿಬ್ಯೂಟರಿನಿಂದ (ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕಾಯಿಲ್ ವೈರ್, ಅಂದರೆ ಕಿಡಿಯ ವೋಲ್ಟೇಜ್ ತರುವ ವೈರ್, ಕಿತ್ತು ಕಾರಿನ ಲೋಹದ ಮೈಗೆ ಅರ್ತ್ ಮಾಡಿ, ಇಂಜಿನ್ ಹಿಡಿಯಬಾರದು. ಪಾರ್ಕಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಹಿಡಿಯಿರಿ (ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ), ಕಪ್ಪು ಮೊನೆಯನ್ನು ಸೆಲ್ಫ್‌ನ ದಪ್ಪ ಬೋಲ್ಟಿಗೆ. ಇನ್ನೊಬ್ಬರು ಕೀ ತಿರುಗಿಸಲಿ. ಅರ್ಧ ವೋಲ್ಟಿನೊಳಗೆ ಬಂದರೆ ಈ ಕಡೆ ಸರಿ. ಆಮೇಲೆ ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫ್‌ನ ಮೈಗೆ ಹೀಗೇ ಅಳೆಯಿರಿ, ಇಲ್ಲಿ 0.2, ಜಾಸ್ತಿ ಅಂದರೆ 0.3. ನಮ್ಮದರಲ್ಲಿ ಪ್ಲಸ್ ಕಡೆ ಏನೂ ತೊಂದರೆ ಇರಲಿಲ್ಲ. ಮೈನಸ್ ಕಡೆ ಮೀಟರ್ 4 ದಾಟಿತು! ಇಂಜಿನ್ನಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು, ಅರ್ತ್ ಕೇಬಲನ್ನು ಆ ಬಣ್ಣದ ಮೇಲೇ ಬಿಗಿದಿದ್ದರು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದ್ದು ಐದು ನಿಮಿಷದ ಕೆಲಸ. ಹಳೆಯ ಸೆಲ್ಫ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಕ್ರ್ಯಾಂಕೇ ಆಗದೆ ಸುಮ್ಮನಿದ್ದರೆ ಚಾರ್ಜರಿನಲ್ಲಿ ನೋಡಬೇಕಾದದ್ದು ರಿಲೇ. ಅದಕ್ಕೆ ನಾಲ್ಕು ಸಂಪರ್ಕ: ಬ್ಯಾಟರಿಯಿಂದ ಬರುವುದು, ಸೊಲೆನಾಯ್ಡಿಗೆ ಹೋಗುವುದು, ಕೀಯಿಂದ ಬರುವ ಹಳದಿ ವೈರು, ಮತ್ತೆ ಗೇರ್‌ಬಾಕ್ಸ್ ಮೇಲಿನ ನ್ಯೂಟ್ರಲ್ ಸ್ವಿಚ್‌ಗೆ ಹೋಗುವ ಕಂದು ವೈರು. ಈ ಸ್ವಿಚ್ ಮಾಡುವುದಿಷ್ಟೇ, ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ರಿಲೇಗೆ ಅರ್ತ್ ಕೊಡುವುದು. ಗೇರ್ ಪಾರ್ಕಿನಲ್ಲೇ ಇಟ್ಟು, ಆ ಕಂದು ವೈರಿನ ಪಿನ್ನಿಗೆ ಒಂದು ತುಂಡು ವೈರಿನಿಂದ ಬಾಡಿ ಅರ್ತ್ ಕೊಟ್ಟು ಕೀ ತಿರುಗಿಸಿ. ತಿರುಗಿತಾ? ಹಾಗಿದ್ದರೆ ಸ್ವಿಚ್, ಅದರ ವೈರು ಅಥವಾ ಗೇರ್ ಲಿಂಕೇಜಿನ ಅಡ್ಜಸ್ಟ್‌ಮೆಂಟ್. ಆದರೆ ಆ ತುಂಡು ವೈರನ್ನು ಹಾಗೇ ಬಿಟ್ಟು ಓಡಿಸಬೇಡಿ, ಗೇರಿನಲ್ಲಿದ್ದಾಗ ಕೀ ತಿರುಗಿಸಿದರೆ ಕಾರು ಮುಂದಕ್ಕೆ ಹಾರುತ್ತದೆ.

ದಬ್ಬಿ ಸ್ಟಾರ್ಟ್ ಮಾಡೋಣ ಅಂತ ನಮಗೆ ಮೊದಲು ಹೊಳೆಯುವುದು ಸಹಜ, ಅಂಬಾಸಿಡರ್ ದಬ್ಬಿ ಬೆಳೆದವರು ಅಲ್ವಾ! ಇದರಲ್ಲಿ ಆಗುವುದಿಲ್ಲ. ಡಾಜ್ ತಯಾರಿಸುವ ಕ್ರೈಸ್ಲರ್ ಕಂಪನಿಯ ಟಾರ್ಕ್‌ಫ್ಲೈಟ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹಿಂಭಾಗದಲ್ಲಿದ್ದ, ಚಕ್ರ ಉರುಳಿದರೆ ಎಣ್ಣೆ ಒತ್ತುತ್ತಿದ್ದ ಪಂಪನ್ನು 1966ರ ಮಾಡೆಲಿನಿಂದ ತೆಗೆದುಬಿಟ್ಟರು. ಇಂಜಿನ್ ತಿರುಗದೆ ಒಳಗೆ ಎಣ್ಣೆಯ ಒತ್ತಡವೇ ಬರುವುದಿಲ್ಲ, ಎಷ್ಟು ಜನ ದಬ್ಬಿದರೂ ಅಷ್ಟೇ.

ಇನ್ನೊಂದು ಜಾತಿಯ ಕಾಟ ಇದೆ, ನನಗೆ ತುಂಬ ಇಷ್ಟವಾದದ್ದು. ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಹಿಡಿಯುತ್ತದೆ, ಖುಷಿಯಿಂದ ಕೀ ಬಿಟ್ಟ ತಕ್ಷಣ ಸಾಯುತ್ತದೆ. ಮತ್ತೆ ಮಾಡಿ, ಮತ್ತೆ ಅದೇ. ಬಹುತೇಕ ಸಲ ಇದು ಬ್ಯಾಲಾಸ್ಟ್ ರೆಸಿಸ್ಟರ್, ಫೈರ್‌ವಾಲಿಗೆ (ಇಂಜಿನ್ ಮತ್ತು ಕೂರುವ ಜಾಗದ ನಡುವಿನ ತಗಡು) ತಿರುಪು ಹಾಕಿರುವ ಬಿಳಿ ಪಿಂಗಾಣಿ ತುಂಡು. ಕ್ರ್ಯಾಂಕ್ ಮಾಡುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದಿರುತ್ತದೆ, ಆದ್ದರಿಂದ ಇದ್ದಷ್ಟನ್ನೂ ಕೀ ಸ್ವಿಚ್ಚಿನಿಂದ ಬರುವ ಇನ್ನೊಂದು ಕಂದು ವೈರು (ರಿಲೇಯದ್ದಲ್ಲ) ನೇರ ಕಾಯಿಲ್‌ಗೆ ಕೊಡುತ್ತದೆ. ಇಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟ್ ಹತ್ತಿರ ಕೊಡುತ್ತದೆ, ಅದು ನೇರ ಹೋದರೆ ಕಾಯಿಲ್ ಕಾದು ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್‌ನ ಕರೆಂಟನ್ನು ಹಚ್ಚಿ ಆರಿಸುವ ಸಂಪರ್ಕಗಳು) ಸುಡುತ್ತವೆ, ಹಾಗಾಗಿ ನೀಲಿ ವೈರಿನ ಕರೆಂಟು ಈ ರೆಸಿಸ್ಟರ್ ದಾಟಿ ಬರುತ್ತದೆ. ಅದರೊಳಗಿನ ತಂತಿ ತುಂಡಾದರೆ ಓಡುವ ದಾರಿ ಬಂದ್, ಸ್ಟಾರ್ಟ್ ಮಾಡುವ ದಾರಿ ಮಾತ್ರ ಓಪನ್. ಇದನ್ನು ಓಮ್‌ನಲ್ಲೇ ಅಳೆಯಬಹುದು: ವೈರು ಬಿಚ್ಚಿ ನೋಡಿ, ತುಂಡಾಗಿದ್ದರೆ ಮೀಟರ್ ಏನನ್ನೂ ತೋರಿಸುವುದಿಲ್ಲ. ಒಂದು ಬಿಡಿ ತುಂಡು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ, ಬೆಲೆ ಏನೂ ಹೆಚ್ಚಲ್ಲ. ಪರೀಕ್ಷೆ ಮಾಡುತ್ತಾ ಇಂಜಿನ್ ಆಫ್ ಇರುವಾಗ ಕೀಯನ್ನು ಆನ್‌ನಲ್ಲೇ ಮರೆಯಬೇಡಿ, ಪಾಯಿಂಟ್ಸ್ ಮುಚ್ಚಿಕೊಂಡಿದ್ದರೆ ಕಾಯಿಲ್ ಸುಮ್ನೆ ಬಿಸಿಯಾಗುತ್ತಾ ಕೂರುತ್ತದೆ.

ಇದರ ತಲೆಕೆಳಗಿನ ರೂಪವೂ ಇದೆ. ಎಷ್ಟು ಕ್ರ್ಯಾಂಕ್ ಮಾಡಿದರೂ ಹಿಡಿಯುವುದಿಲ್ಲ, ಬೇಜಾರಾಗಿ ಕೀ ಬಿಡುವ ಆ ಕ್ಷಣದಲ್ಲಿ 'ಭುರ್' ಅಂತ ಒಮ್ಮೆ ಹಿಡಿಯುತ್ತದೆ. ಆಗ ರೆಸಿಸ್ಟರ್ ದಾರಿ ಸರಿ ಇದೆ, ಕಂದು ವೈರಿನ ದಾರಿ ಕೆಟ್ಟಿದೆ. ಕೀ ಸ್ವಿಚ್ ಆಗಿರಬಹುದು, ಆದರೆ ಮೊದಲು ಫೈರ್‌ವಾಲಿನ ಬಲ್ಕ್‌ಹೆಡ್ ಕನೆಕ್ಟರ್, ಅಂದರೆ ವೈರುಗಳು ಆ ತಗಡನ್ನು ದಾಟುವ ಪ್ಲಗ್, ನೋಡಿ. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಆಮ್ಮೀಟರಿಗೆ ಹೋಗಿಬರುವ ದಪ್ಪ ವೈರುಗಳೂ ಇದೇ ಪ್ಲಾಸ್ಟಿಕ್ ಪ್ಲಗ್ ದಾಟಬೇಕು, 50 ವರ್ಷದ ಬಿಸಿಗೆ ಪಿನ್ನು ಸಡಿಲಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗಿರುತ್ತದೆ. ಪ್ಲಗ್ ಕೀಳುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ, ಯಾಕೆಂದರೆ ಕೀ ಆಫ್ ಇದ್ದರೂ ಆಮ್ಮೀಟರಿನ ವೈರಿನಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಕಂದಿದ ಪಿನ್ನು ಕಂಡರೆ ಉಜ್ಜಿ ಹಾಗೇ ಒತ್ತಿಬಿಡಬೇಡಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ ಹಾಕಿ.