ಕೋಡ್ 43 ಹೋಯಿತು, ಪರದೆ ಇನ್ನೂ ಕಪ್ಪು

ದಾವಣಗೆರೆಯ ಫ್ಲೆಕ್ಸ್ ಡಿಸೈನ್ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಲಿನಕ್ಸ್, ಅದರೊಳಗೆ ಕೋರಲ್‌ಡ್ರಾಗೆಂದು ವಿಂಡೋಸ್‌ನ ವರ್ಚುವಲ್ ಮಷೀನ್, ಆ ವಿಎಂಗೇ ಮೀಸಲಾಗಿ ಎರಡನೇ ಗ್ರಾಫಿಕ್ಸ್ ಕಾರ್ಡ್. ವಿಎಂ ಶುರುವಾಗುತ್ತದೆ, ಮಾನಿಟರ್ ಮಾತ್ರ ಕಪ್ಪಗೆ ಕೂತಿರುತ್ತದೆ. ನೆಟ್ಟಿನಲ್ಲಿ ಸಿಕ್ಕ ಹತ್ತು ಸಾಲನ್ನು ಆಗಲೇ ಗ್ರಬ್‌ಗೆ (ಲಿನಕ್ಸನ್ನು ಬೂಟ್ ಮಾಡುವ ತಂತ್ರಾಂಶಕ್ಕೆ) ಅಂಟಿಸಿಯಾಗಿದೆ. ಒಂದೊಂದು ಸಾಲೂ ಒಂದೊಂದು ವರ್ಷದ ಕಾಯಿಲೆಗೆ ಬರೆದ ಔಷಧ ಚೀಟಿ ಎಂಬುದು ಅಂಟಿಸಿದವರಿಗೆ ಗೊತ್ತಿರುವುದಿಲ್ಲ.

ಲಿನಕ್ಸನ್ನು ವಿಎಂ ಓಡಿಸಲು ಅಣಿಮಾಡುವ ಕೆವಿಎಂ ಲಿನಕ್ಸ್ ಕರ್ನಲ್‌ಗೆ (ತಿರುಳಿಗೆ) ಸೇರಿದ್ದು 2007ರಲ್ಲಿ, 2.6.20ನೇ ಆವೃತ್ತಿಯಲ್ಲಿ. ನಿಜವಾದ ಕಾರ್ಡನ್ನು ವಿಎಂ ಕೈಗೆ ಕೊಡಲು ಅಷ್ಟೇ ಸಾಲದು. ಕಾರ್ಡ್ ಪ್ರೊಸೆಸರನ್ನು ಕೇಳದೆ ನೇರ ಮೆಮೊರಿಗೆ ಬರೆಯುತ್ತದೆ. ವಿಎಂ ಹೇಳಿದ ವಿಳಾಸ ನಿಜವಾದ ವಿಳಾಸವಲ್ಲ. ನಡುವೆ ನಿಂತು ವಿಳಾಸ ಬದಲಿಸಿ ಕೊಡುವ ಯಂತ್ರಾಂಗವೇ ಐಒಎಂಎಂಯು. ಇಂಟೆಲ್ ಇದನ್ನು ವಿಟಿ-ಡಿ ಎನ್ನುತ್ತದೆ. ಬಯಾಸ್‌ನಲ್ಲಿ ವಿಎಂ ಓಡಿಸಲು ಬೇಕಾದ ವಿಟಿ-ಎಕ್ಸ್ ಒಂದನ್ನೇ ಆನ್ ಮಾಡಿ ಬಿಟ್ಟರೆ ವಿಎಂ ಚೆನ್ನಾಗಿ ಓಡುತ್ತದೆ, ಪಾಸ್‌ಥ್ರೂ, ಅಂದರೆ ಕಾರ್ಡನ್ನು ನೇರ ವಿಎಂಗೆ ಕೊಡುವುದು, ಮಾತ್ರ ಆಗದು. ಎರಡೂ ಬೇಕು.

ಕಾರ್ಡನ್ನು ವಿಎಂಗೆ ಒಪ್ಪಿಸಲು ಮೊದಲು ಕೆವಿಎಂನದೇ ಪಿಸಿಐ-ಅಸೈನ್ ಎಂಬ ವಿಧಾನವಿತ್ತು. 2012ರಲ್ಲಿ ಕರ್ನಲ್ 3.6ರ ಜೊತೆ ಅದೇ ಕೆಲಸಕ್ಕೆ ವಿಎಫ್‌ಐಒ ಬಂತು, 2017ರಲ್ಲಿ 4.12ರಿಂದ ಹಳೆಯದನ್ನು ಕಿತ್ತೇಹಾಕಿದರು. ಪಿಸಿಐ-ಅಸೈನ್ ಬಳಸಲು ಹೇಳುವ ಬರಹ ಕಂಡರೆ ಮುಂದೆ ಓದಬೇಕಿಲ್ಲ.

ವಿಎಫ್‌ಐಒ ತಂದ ಶಿಸ್ತು ಐಒಎಂಎಂಯು ಗುಂಪು. ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಮಂದಿಯ ಹಾಗೆ, ಗುಂಪಿನ ಒಬ್ಬರನ್ನೇ ಬಿಡಿಸಿ ಕೊಡಲಾಗದು; ಏಕೆಂದರೆ ಅವು ಐಒಎಂಎಂಯುವಿನ ಕಣ್ಣು ತಪ್ಪಿಸಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದು. ಪಿಸಿಐ ವಿಳಾಸ 01:00.0ರಲ್ಲಿ ಗ್ರಾಫಿಕ್ಸ್ ಇದ್ದರೆ 01:00.1ರಲ್ಲಿ ಅದರದೇ ಎಚ್‌ಡಿಎಂಐ ಆಡಿಯೊ ಇರುತ್ತದೆ. ಎರಡನ್ನೂ ಒಪ್ಪಿಸದಿದ್ದರೆ 'ಗ್ರೂಪ್ ಈಸ್ ನಾಟ್ ವಯಬಲ್' ಎಂದು ವಿಎಂ ನಡೆಸುವ ತಂತ್ರಾಂಶ ಕ್ಯೂಇಎಂಯು ಹಟ ಹಿಡಿಯುತ್ತದೆ. ಅದೇ ಗುಂಪಿನಲ್ಲಿ ಸಾಟಾ ಅಥವಾ ಲ್ಯಾನ್ ಕಂಟ್ರೋಲರ್ ಇದ್ದರೆ ಕಾರ್ಡಿನ ಸ್ಲಾಟ್ ಬದಲಿಸಿ ನೋಡಿ. ಗುಂಪನ್ನು ಒಡೆದು ತೋರಿಸುವ ಎಸಿಎಸ್ ಓವರ್‌ರೈಡ್ ಪ್ಯಾಚ್ ಮುಖ್ಯ ಕರ್ನಲ್‌ಗೆ ಸೇರಿಲ್ಲ, ಸೇರದ್ದೇ ಸರಿ: ಅದು ಪ್ರತ್ಯೇಕತೆ ಇದೆ ಎಂದು ಕರ್ನಲ್‌ಗೆ ಸುಳ್ಳು ಹೇಳುತ್ತದೆ, ಪ್ರತ್ಯೇಕತೆ ತಂದುಕೊಡುವುದಿಲ್ಲ.

ಇನ್ನು ಕುಖ್ಯಾತ ಕೋಡ್ 43, ಕಾರ್ಡ್ ಕೆಲಸ ಮಾಡುತ್ತಿಲ್ಲ ಎಂದು ವಿಂಡೋಸ್ ತೋರಿಸುವ ದೋಷ ಸಂಖ್ಯೆ. 2014ರಲ್ಲಿ ಎನ್‌ವಿಡಿಯಾದ 337.88 ಡ್ರೈವರ್‌ನಿಂದ ಜಿಫೋರ್ಸ್ ಕಾರ್ಡುಗಳು ಕೆವಿಎಂ ವಾಸನೆ ಬಡಿದರೆ ಕೆಲಸ ನಿಲ್ಲಿಸತೊಡಗಿದವು. ಕೆವಿಎಂ ಗುರುತನ್ನು ಮರೆಮಾಡುವ ಸಾಲುಗಳು ಹುಟ್ಟಿದ್ದು ಆಗ. 2021ರಲ್ಲಿ 465ನೇ ಡ್ರೈವರ್‌ನೊಂದಿಗೆ ಕಂಪನಿಯೇ ಪಾಸ್‌ಥ್ರೂ ಒಪ್ಪಿಕೊಂಡಿತು. ಕೆಪ್ಲರ್ ತಲೆಮಾರಿನ ಮತ್ತು ನಂತರದ ಡೆಸ್ಕ್‌ಟಾಪ್ ಕಾರ್ಡುಗಳಿಗೆ ಈಗ ಮರೆಮಾಚುವಿಕೆ ಬೇಡ. ಆದರೆ ಸೆಕೆಂಡ್‌ಹ್ಯಾಂಡ್ ಜಿಟಿ 610 ತಂದಿದ್ದರೆ ಬೇಕೇ ಬೇಕು. ಅದು ಫರ್ಮಿ ತಲೆಮಾರಿನದು, ಅದರ ಡ್ರೈವರ್ 391ಕ್ಕೇ ನಿಂತುಹೋಗಿದೆ. ಅಂಥ ಕಾರ್ಡಿನ ರೋಮ್ ಚಿಪ್ಪಿನಲ್ಲಿ ಯುಇಎಫ್‌ಐ (ಹೊಸ ಮಾದರಿಯ ಬಯಾಸ್) ಭಾಗ ಸಾಮಾನ್ಯವಾಗಿ ಇರದ ಕಾರಣ ವಿಎಂಗೆ ಯುಇಎಫ್‌ಐ ಮಾದರಿಯ ಓವಿಎಂಎಫ್ ಬದಲು ಹಳೆ ಬಯಾಸ್ ಮಾದರಿಯ ಸೀಬಯಾಸ್ ಆರಿಸಿ.

ಇಂದಿನ ಕಪ್ಪು ಪರದೆಯ ಮೂಲ ಬಹಳ ಸಲ ಬೇರೆಯೇ. ಬೂಟ್ ಆಗುವಾಗ ಅಕ್ಷರ ತೋರಿಸಲು ಕರ್ನಲ್ ಆ ಕಾರ್ಡಿನ ಮೆಮೊರಿಯನ್ನೇ ಹಿಡಿದಿಟ್ಟುಕೊಂಡಿರುತ್ತದೆ. ಕರ್ನಲ್ ಸಂದೇಶ ತೋರಿಸುವ ಡಿಮೆಸ್ಗ್ ತುಂಬಾ 'ಬಾರ್ 1: ಕಾಂಟ್ ರಿಸರ್ವ್' ಎಂದು ಸುರಿಯುತ್ತಿದ್ದರೆ, ರೂಟ್ ಆಗಿ ಪ್ರಾಕ್ ಫೋಲ್ಡರಿನ ಐಒಮೆಮ್ ಫೈಲ್ ತೆರೆಯಿರಿ, ಕಾರ್ಡಿನ ವಿಳಾಸದ ಕೆಳಗೆ 'ಬೂಟ್‌ಎಫ್‌ಬಿ' ಎಂದಿದ್ದರೆ ಕಳ್ಳ ಸಿಕ್ಕ. ಹಿಂದೆ ಬೂಟ್ ಪರದೆಯ ಡ್ರೈವರ್ ಇಎಫ್‌ಐಎಫ್‌ಬಿಯನ್ನು ಆಫ್ ಮಾಡುವ ಸಾಲು ಸಾಕಾಗುತ್ತಿತ್ತು. 5.15ರ ಸುಮಾರಿಗೆ ಆ ಕೆಲಸ ಸಿಸ್‌ಎಫ್‌ಬಿ ಎಂಬ ಕರ್ನಲ್ ಭಾಗದ ಕೈಗೆ ಹೋದಮೇಲೆ ಆ ಸಾಲಿಗೆ ಬೆಲೆ ಹೋಯಿತು. ಸಿಸ್‌ಎಫ್‌ಬಿ-ಇನಿಟ್ ಅನ್ನು ಇನಿಟ್‌ಕಾಲ್ ಕಪ್ಪುಪಟ್ಟಿಗೆ (ಬೂಟ್‌ನಲ್ಲಿ ಓಡಿಸಬಾರದವುಗಳ ಪಟ್ಟಿಗೆ) ಹಾಕಬಹುದು, ಆದರೆ ಬೂಟ್ ಸಂದೇಶಗಳೂ ಕಾಣದಂತಾಗುತ್ತವೆ. ಇನ್ನೊಂದು ಯಂತ್ರದಿಂದ ಒಳಬರಲು ಎಸ್‌ಎಸ್‌ಎಚ್ ತೆರೆದಿಟ್ಟುಕೊಂಡೇ ಮಾಡಿ. ಅದಕ್ಕಿಂತ ಬಯಾಸ್‌ನಲ್ಲಿ ಪ್ರೊಸೆಸರಿನ ಒಳಗ್ರಾಫಿಕ್ಸನ್ನೇ ಮೊದಲ ಡಿಸ್‌ಪ್ಲೇ ಮಾಡಿ, ಮದರ್‌ಬೋರ್ಡಿನ ಪೋರ್ಟಿಗೆ ಒಂದು ಮಾನಿಟರ್ ಸಿಕ್ಕಿಸುವುದು ವಾಸಿ.

ಎಲ್‌ಎಸ್‌ಪಿಸಿಐ ಆದೇಶ ಕೊಡುವ ಪಟ್ಟಿಯಲ್ಲಿ ಕಾರ್ಡಿನ ಡ್ರೈವರ್ 'ವಿಎಫ್‌ಐಒ-ಪಿಸಿಐ' ಎಂದಿರದೆ 'ನೂವೋ' (ಎನ್‌ವಿಡಿಯಾ ಕಾರ್ಡಿಗೆ ಲಿನಕ್ಸ್‌ನದೇ ಡ್ರೈವರ್) ಎಂದಿದ್ದರೆ, ಬೂಟ್ ಆರಂಭದ ಫೈಲುಗಳ ಗಂಟು ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಲ್ಲ ಎಂದೇ ಮೊದಲ ಶಂಕೆ. ಕಟ್ಟುವಾಗ ವಿಎಫ್‌ಐಒ-ವಿಐಆರ್‌ಕ್ಯೂಎಫ್‌ಡಿ (vfio_virqfd) ಮಾಡ್ಯೂಲ್ ಸಿಗಲಿಲ್ಲ ಎಂದು ಬಂದರೆ ಗಾಬರಿ ಬೇಡ, 6.2ರಲ್ಲಿ ಅದು ಮೂಲ ವಿಎಫ್‌ಐಒದೊಳಗೇ ಸೇರಿಹೋಗಿದೆ. ಆ ಹೆಸರು ಅಳಿಸಿ. ರ್‍ಯಾಮ್ ಲೆಕ್ಕವೂ ಇರಲಿ: ಕಾರ್ಡ್ ಎಲ್ಲಿ ಬೇಕಾದರೂ ಬರೆಯಬಹುದಾದ್ದರಿಂದ ವಿಎಂಗೆ ಕೊಟ್ಟದ್ದೆಲ್ಲ ಶುರುವಿನಲ್ಲೇ ಲಾಕ್ ಆಗುತ್ತದೆ. 16 ಜಿಬಿ ಯಂತ್ರದಲ್ಲಿ 12 ಕೊಟ್ಟರೆ ಲಿನಕ್ಸ್‌ಗೆ ಉಳಿಯುವುದು 4, ಬಳಸದ ರ್‍ಯಾಮನ್ನು ವಿಎಂನಿಂದ ಹಿಂದೆ ಪಡೆಯುವ ಬಲೂನಿಂಗ್ ನೆರವಿಗೆ ಬಾರದು.

ಎಎಂಡಿಯ ಪೊಲಾರಿಸ್, ವೇಗಾ ಮತ್ತು ಮೊದಲ ನವಿ ಕಾರ್ಡುಗಳದ್ದು ಇನ್ನೊಂದು ಚಾಳಿ. ಮೊದಲ ಸಲ ವಿಎಂ ಸರಿಯಾಗಿ ಏಳುತ್ತದೆ, ಮುಚ್ಚಿ ಮತ್ತೆ ತೆರೆದರೆ ಏಳದು. ಕಾರ್ಡ್ ತಾನಾಗಿ ರೀಸೆಟ್ ಆಗುವುದಿಲ್ಲ. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಬೆಸ್ಕಾಂ ಕರೆಂಟ್ ಹೋಗಿ ಬಂದಮೇಲೆ ಎಲ್ಲ ತನ್ನಷ್ಟಕ್ಕೆ ಸರಿಯಾದಂತೆ ಕಾಣುವುದು ಇದರಿಂದಲೇ: ಪೂರ್ತಿ ವಿದ್ಯುತ್ ಕಡಿದಾಗ ಆ ಕಾರ್ಡ್ ಮೊದಲ ಸ್ಥಿತಿಗೆ ಬರುತ್ತದೆ. ವೆಂಡರ್-ರೀಸೆಟ್ ಎಂಬ ಹೊರಗಿನ ಮಾಡ್ಯೂಲ್ ಹಾಕಿದರೆ ಇವುಗಳಲ್ಲಿ ಹಲವು ಕಾರ್ಡುಗಳಿಗೆ ಕರೆಂಟ್ ಹೋಗುವವರೆಗೆ ಕಾಯಬೇಕಿಲ್ಲ.